ಅಂಗಿ ಗುಂಡಿಯಲ್ಲಾದ ಅನಾಹುತ

ಪ್ರಾದೇಶಿಕ ಬಂಡವಾಳ ಹೂಡಿಕೆ ಬ್ಯಾಂಕು ಸ್ಥಾಪನೆಯಾದಂದಿನಿಂದ ಒಂದು ಪೈಸೆಯನ್ನೂ ಕಳೆದುಕೊಂಡಿಲ್ಲ. ಯಾರಿಗೂ ಕೊಡದಿರುವುದೇ ಇದಕ್ಕೆ ಕಾರಣವೆಂದು ಹೊರಗಿನವರು ಆಡಿಕೊಳ್ಳುವುದುಂಟು. ಬ್ಯಾಂಕು ಅದನ್ನು ಅಲ್ಲಗಳೆದಿಲ್ಲ.

ಬೆಳ್ಳಿಹಬ್ಬಕ್ಕೆ ಬ್ಯಾಂಕಿನ ಚರಿತ್ರೆ ಬರೆಯುವ ಕೆಲಸ ಬೀಕರನ ತಲೆಯ ಮೇಲೆ ಬಿತ್ತು. ರಸಾಯನಶಾಸ್ತ್ರ ಓದಿದ್ದರಿಂದ ಕಚೇರಿಯಲ್ಲಿ ಅವನಿಗೆ ಆ ಹೆಸರು. ರಸಾಯನಶಾಸ್ತ್ರಕ್ಕೂ ಚರಿತ್ರೆಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ರಸಾಯನಶಾಸ್ತ್ರಕ್ಕೂ ಬ್ಯಾಂಕಿಗೂ ಏನು ಸಂಬಂಧ ಎಂದು ಮೇಲಿನವರು ಕೇಳಿಬಿಟ್ಟರೆ? ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಅಪ್ಪ, ಮೇಣದಬತ್ತಿ ಮಾಡುವವರು, ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಕಾಯಂ ಆದ್ಮೇಲೆ ಬಾಪ್ಪಾ. ಹಂಗಾಮಿ ಅಳಿಯ ನನಗೆ ಬೇಡ."

ಬೀಕರ್ ಕ್ರಮಬದ್ಧ ಮನುಷ್ಯ. ಬ್ಯಾಂಕು ಈವರೆಗೆ ಎಷ್ಟು ಕಡೆ ಬಂಡವಾಳ ಹೂಡಿದೆಯೆಂದು ಎಣಿಸಿದ. ಸೊನ್ನೆ ಬಂತು. ತಪ್ಪಿರಬಹುದೆಂದು ಮತ್ತೆ ಎಣಿಸಿದ. ತಪ್ಪೇ ಆಗಿತ್ತು; ಒಂದು ಬಂತು.

ಬ್ಯಾಂಕಿನ ಪದ್ಧತಿ ಸರಳ. ಬಂದ ಅರ್ಜಿಯನ್ನು ಮಾಗಲು ಬಿಡುವುದು. ಅಷ್ಟರಲ್ಲಿ ಅರ್ಜಿದಾರ ಮುಳುಗಿದರೆ 'ಸದ್ಯ, ಕೊಡಲಿಲ್ಲ' ಎಂದು ನಿರ್ಣಯ. ತೇಲಿದರೆ 'ನಮ್ಮ ಹಣ ಅವನಿಗೆ ಬೇಕಾಗಿಯೇ ಇರಲಿಲ್ಲ' ಎಂದು ನಿರ್ಣಯ. ಏನು ಬಂದರೂ ಸುಳ್ಳಾಗದ ಇಂಥ ಪ್ರಯೋಗ ಕಾಲೇಜಿನಲ್ಲಿ ತನಗೊಂದು ಸಿಕ್ಕಿದ್ದರೆ ಎಂದು ಬೀಕರ್ ಮರುಗಿದ. ಅಲ್ಲಿ ಅವನ ದ್ರಾವಣ ನೀಲಿಯಾಗಬೇಕಾದಾಗಲೆಲ್ಲ ಕಂದಾಗುತ್ತಿತ್ತು.

ಆ ಒಂದು ಹೂಡಿಕೆ ಆದದ್ದು ನೆಗಡಿಯಿಂದ. ಸ್ಥಾಪಕ ನಿರ್ದೇಶಕರು ಕಣ್ಣು ಮೂಗು ಒರೆಸಿಕೊಳ್ಳುತ್ತ ಸಿಬ್ಬಂದಿಯ ರಜೆ ಅರ್ಜಿಗಳಿಗೆ ಸಹಿ ಹಾಕುವಾಗ, ನಡುವೆ ಸೇರಿಕೊಂಡಿದ್ದ ಅಂಗಿ ಗುಂಡಿ ಕಾರ್ಖಾನೆಯ ಅರ್ಜಿಗೂ ಹಾಕಿಬಿಟ್ಟರು. ಹಣ ಹೋಯಿತು. ಕಾರ್ಖಾನೆ ಎದ್ದಿತು. ಬ್ಯಾಂಕಿನ ಸಂಬಳ, ಫ್ಯಾನು, ಚಹಾ ಎಲ್ಲ ಇಂದಿಗೂ ನಡೆಯುವುದು ಆ ಗುಂಡಿಗಳ ಲಾಭದಲ್ಲೇ. ನಿರ್ದೇಶಕರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸುತ್ತೋಲೆ ಹೊರಟಿತು: 'ಇನ್ನು ಮುಂದೆ ರಜೆ ಅರ್ಜಿಯನ್ನು ಹಳದಿ ಹಾಳೆಯಲ್ಲೇ ಬರೆಯತಕ್ಕದ್ದು. ನೆಗಡಿಯುಳ್ಳವರು ಸಹಿ ಮಾಡತಕ್ಕದ್ದಲ್ಲ.' ಅಂಥ ಘಟನೆ ಮರುಕಳಿಸಿಲ್ಲ.

ಬೀಕರ್ ಇದನ್ನೆಲ್ಲ 'ನಮ್ಮ ಮಹಾಸಾಧನೆ' ಎಂಬ ಅಧ್ಯಾಯದಲ್ಲಿ ಬರೆದ. ಈಗಿನ ನಿರ್ದೇಶಕರು ಕರೆಸಿದರು.

"ಏನಯ್ಯಾ ಬೀಕರ್, ಮನೆ ಮರ್ಯಾದೆ ಬೀದಿಗೆ ತಂದಿದ್ದೀಯಲ್ಲ!"

"ಲಾಭ ತಂದಿದ್ದು ಅದೊಂದೇ, ಸಾರ್."

"ಅದಕ್ಕೇ ಕಣಯ್ಯಾ! ಓದಿದವರು ಸುಮ್ನಿರ್ತಾರಾ? ಇನ್ನೊಂದು ಮಾಡಿ ಅಂತಾರೆ. ಯಾರು ಮಾಡೋದು, ನಿಮ್ಮ ತಾತನಾ?"

"ಹಾಗಾದ್ರೆ ತೆಗೆದುಬಿಡ್ಲಾ, ಸಾರ್?"

"ತೆಗೆದ್ರೆ ಪುಸ್ತಕದಲ್ಲಿ ರಟ್ಟು ಬಿಟ್ರೆ ಇನ್ನೇನಿರುತ್ತೆ? ವಿಜ್ಞಾನ ಓದಿದ್ದೀಯ, ಏನಾದ್ರೂ ಮಾಡು. ಕಾಯಂ ಆಗ್ಬೇಕು ತಾನೆ?"

ಸತ್ಯವನ್ನು ತಿರುಚಬಾರದು ಎಂಬುದು ಬೀಕರನ ನಿಷ್ಠೆ. ಹುಡುಗಿಯ ಮುಖ ನೆನಪಾದ ಮೇಲೂ ಅವನು ಒಂದಕ್ಷರ ತಿರುಚಲಿಲ್ಲ. ಅಧ್ಯಾಯದ ತಲೆಬರಹವನ್ನಷ್ಟೇ 'ಅಪಘಾತ ಮತ್ತು ಚೇತರಿಕೆ' ಎಂದು ಬದಲಿಸಿದ. ಓದಿ ನಿರ್ದೇಶಕರ ಕಣ್ಣು ತುಂಬಿ ಬಂತು. ಅಂದೇ ಬೀಕರ್ ಕಾಯಂ ಆದ, ಅರ್ಜಿ ಪರಿಶೀಲನಾಧಿಕಾರಿಯಾಗಿ.

ಮೊದಲ ಅರ್ಜಿದಾರರು ಮಾವನಾಗಬೇಕಿದ್ದ ಹುಡುಗಿಯ ಅಪ್ಪನೇ. ಮೇಣದಬತ್ತಿ ಯಂತ್ರಕ್ಕೆ ಕೈಯಲ್ಲಿದ್ದ ಹಣ ಅರ್ಧಕ್ಕಷ್ಟೇ ಸಾಕಾಗುತ್ತಿತ್ತು.

"ಅಳಿಯಂದ್ರೇ, ಉಳಿದರ್ಧ ನೀವು ಹಾಕಿಸಿಬಿಡಿ. ಮದ್ವೆ ಮಾತು ಆಮೇಲೆ ಆಡೋಣ."

ಬೀಕರ್ ಎರಡೂ ಕಡೆ ತೂಗಿ ನೋಡಿದ. ಕೊಟ್ಟರೆ ಕೆಲಸ ಹೋಯಿತು, ಕೊಡದಿದ್ದರೆ ಹುಡುಗಿ. ಬಾಯಿ ಮಾತ್ರ ಬ್ಯಾಂಕಿನದಾಗಿತ್ತು. "ಮಾವ, ನೀವು ಮುಳುಗಿದ್ರೆ, ಕೊಡದೇ ಇದ್ದಿದ್ದು ಒಳ್ಳೇದಾಯ್ತು. ತೇಲಿದ್ರೆ, ನಿಮಗದು ಬೇಕಾಗೇ ಇರ್ಲಿಲ್ಲ."

ಮಾವ ಕುರ್ಚಿಯಲ್ಲಿ ಮುಂದೆ ಬಾಗಿದರು. "ಸ್ವಂತ ಮಾವನಿಗೂ ಇಲ್ವಾ?"

"ಇಲ್ಲ."

"ಬೇರೆಯವರಿಗೆ?"

"ಯಾರಿಗೂ ಇಲ್ಲ, ಮಾವ."

ಮಾವ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು. "ಅಂದ್ರೆ ಇಲ್ಲಿಗೆ ಬಂದ ದುಡ್ಡು ಹೊರಗೆ ಹೋಗೋದೇ ಇಲ್ಲ!"

"ಹೋಗಲ್ಲ."

"ಇಂಥ ಭದ್ರವಾದ ಜಾಗ ಇಟ್ಕೊಂಡು ಇಷ್ಟು ದಿನ ಹೇಳ್ಲೇ ಇಲ್ವಲ್ಲಪ್ಪಾ!"

ಅವರು ಎದ್ದು ಅಳಿಯನ ಬೆನ್ನು ತಟ್ಟಿದರು, ಮುಂದಿನ ತಿಂಗಳೇ ಮದುವೆ ಎಂದರು. ಯಂತ್ರಕ್ಕೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಬ್ಯಾಂಕಿನಲ್ಲೇ ಇಟ್ಟು, ಯಂತ್ರದ ಗೋಜು ತಪ್ಪಿತೆಂದು ನಿಶ್ಚಿಂತೆಯಿಂದ ಮನೆಗೆ ನಡೆದರು.