ಮಾಮಾನ ಗಾಡಿಗೆ ಎರಡು ಗೇಣು ಪೈಪು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಯಾರ ಹಿಂದೆಯೂ ಕುಳಿತವರಲ್ಲ! ನಂಬಿಕೆ ಬರದಿದ್ದರೆ ಅವರೂರು ಅಸಂಗಿಗೆ ಹೋಗಿ ಯಾರನ್ನಾದರೂ ಕೇಳಿ. ಎಸ್ಟಿ ಬಸ್ಸು ಹತ್ತಿದರೆ ಡ್ರೈವರನ ಪಕ್ಕದ ಇಂಜಿನ್ ಡಬ್ಬದ ಮೇಲೇ ಕೂರಬೇಕು. ಪಂಕ್ತಿಯಲ್ಲಿ ಮೊದಲ ಎಲೆ ಅವರದೇ. ಭಜನೆಗೆ ಹೋದರೆ ಹಾರ್ಮೋನಿಯಂ ಬಾರಿಸುವವನಿಗೂ ಮುಂದೆ. "ನಿಮ್ಮ ಮಾಮಾನ್ನ ನಾಕ್ ಮಂದಿ ಹೊತ್ಕೊಂಡ್ ಹೊಂಟ್ರೂ, ಎದ್ದು ಕುಂತು ಮುಂದಿನ ಹೆಗಲು ನಂದು ಅಂತಾರ" ಎನ್ನುತ್ತಾಳೆ ನನ್ನ ಹೆಂಡತಿ. ಮೆಲ್ಲಗೆ ಅನ್ನುತ್ತಾಳೆ. ಮಾಮಾನ ಕಿವಿ ಬಹಳ ಚುರುಕು.

ಇಂಥವರಿಗೆ ಸಿಕ್ಕ ಗಾಡಿಯಾದರೂ ಎಂಥದು? ಲಷ್ಕರದವರು ಸಾಕೆಂದು ಹರಾಜಿಗೆ ಬಿಟ್ಟ ಮೋಟಾರ್ ಸೈಕಲ್ಲು. ಮಾಮಾನ ಅಪ್ಪ ಕೊಂಡದ್ದು. ಅದರ ಹ್ಯಾಂಡಲ್ಲನ್ನು ಮಾಮಾ ಇನ್ನೊಬ್ಬರ ಕೈಗೆ ಕೊಟ್ಟದ್ದೇ ಇಲ್ಲ. ಜ್ವರ ಬಂದಾಗಲೂ ಆಸ್ಪತ್ರೆಗೆ ತಾವೇ ಹೊಡೆದುಕೊಂಡು ಹೋಗಿದ್ದರು, ಹಿಂದೆ ಕಂಪೌಂಡರನನ್ನು ಕೂರಿಸಿಕೊಂಡು!

ನನ್ನ ಮಗಳ ಮದುವೆ ಗೊತ್ತಾದ ದಿನದಿಂದ ಈ ಗಾಡಿ ನನ್ನ ಎದೆಯ ಮೇಲೆ ಕೂತಿತು. ಕಾರಣ ನಮ್ಮವ್ವ. ನಮ್ಮಲ್ಲಿ ಮದುವೆಯ ದಿನ ತವರಿನ ಆಯಾರ ಬರಬೇಕು. ಆಯಾರವೆಂದರೆ ಅವ್ವನ ತಮ್ಮ ತಂದ ಸೀರೆ, ಕುಪ್ಪಸದ ಖಣ. ಅದನ್ನು ಉಟ್ಟ ಮೇಲೇ ಅವ್ವ ಹಂದರಕ್ಕೆ ಕಾಲಿಡುವುದು. ಮನೆಯ ಪ್ರತಿ ಶುಭಕಾರ್ಯಕ್ಕೂ ಮಾಮಾ ಆ ಗಂಟನ್ನು ಪೆಟ್ರೋಲ್ ಟಾಕಿಯ ಮೇಲಿಟ್ಟುಕೊಂಡು ಡಬ್‌ಡಬ್ ಎಂದು ಬಂದಿದ್ದಾರೆ.

"ಈ ಸಲಾನೂ ನಮ್ಮ ತಮ್ಮ ಗಾಡಿ ಮ್ಯಾಲ ಬರ್ಲೆಪಾ" ಅಂದಳು ಅವ್ವ. "ನನ್ನ ಮಟ್ಟಿಗಿ ಇದ ಕಡೀ ಮದವಿ."

ಈ ಮಾತು ಕೇಳಿದ ಮೇಲೆ ಮಗನಿಗೆ ಊಟ ಸೇರೀತೇ?

ಸರಿಯಾಗಿ ಅದೇ ಹೊತ್ತಿಗೆ ಗಾಡಿಯ ಎಣ್ಣೆ ಪೈಪುಗಳು ಒಡೆದವು. ಈ ಗಾಡಿಯ ಎಣ್ಣೆ ಇಂಜಿನ್ನಿನ ಹೊಟ್ಟೆಯಲ್ಲಿ ಇರುವುದಿಲ್ಲ. ಸೀಟಿನ ಕೆಳಗೆ ಅದಕ್ಕೇ ಬೇರೆ ಡಬ್ಬ. ಒಂದು ರಬ್ಬರ್ ಪೈಪು ಎಣ್ಣೆಯನ್ನು ಇಂಜಿನ್ನಿಗೆ ಇಳಿಸುತ್ತದೆ, ಇನ್ನೊಂದು ತಿರುಗಿ ಡಬ್ಬಕ್ಕೆ ತರುತ್ತದೆ. ಎರಡೂ ಕೂಡಿದರೆ ಎರಡು ಗೇಣು. ಆದರೆ ಎಣ್ಣೆ ಇಳಿಯಲಿಲ್ಲವೋ, ಓಡುತ್ತಿರುವ ಇಂಜಿನ್ ಗಕ್ಕನೆ ಜಾಮ್ ಆಗಿ ಮೇಲಿದ್ದವನನ್ನು ಎತ್ತಿ ಒಗೆಯುತ್ತದೆ. ಸೋರಿದ ಎಣ್ಣೆ ಹಿಂದಿನ ಗಾಲಿಗೆ ಬಿತ್ತೋ, ಆಮೇಲೆ ದೇವರೇ ಗತಿ.

ದಾಳಿಂಬೆ, ದ್ರಾಕ್ಷಿ ಬಂದ ಮೇಲೆ ನಮ್ಮ ಗಡಿಯ ಜತ್ತ ತಾಲೂಕಿನಲ್ಲಿ ಒಂದು ರೂಢಿ ಹುಟ್ಟಿದೆ. ಏನು ಕೆಟ್ಟರೂ ತೋಟದ ಪೈಪಿನ ತುಂಡೇ ಮದ್ದು! ಬಕೆಟ್ಟಿನ ಹಿಡಿಕೆಗೆ ಡ್ರಿಪ್ ಪೈಪು, ಬಾಗಿಲ ಕೀಲಿಗೆ ಡ್ರಿಪ್ ಪೈಪು, ಎಮ್ಮೆಯ ಕೊರಳಿಗೆ ಡ್ರಿಪ್ ಪೈಪು. ಮಾಮಾ ಸುಮ್ಮನಿರುತ್ತಾರೆಯೇ? ದಾಳಿಂಬೆಗೆ ಔಷಧ ಹೊಡೆಯುವ ಪೈಪನ್ನೇ ಕತ್ತರಿಸಿ ಗಾಡಿಗೆ ತೊಡಿಸಿಬಿಟ್ಟಿದ್ದರು. ನಾನು ಹೋಗಿ ನೋಡಿದೆ. ಹೊರಗಿನಿಂದ ಮದುಮಗನ ಹಾಗಿತ್ತು. ಬಿಚ್ಚಿದರೆ ಒಳಪದರ ಬಿಸಿ ಎಣ್ಣೆ ಕುಡಿದು ಉಬ್ಬಿ, ಬೆಂಕಿಕಡ್ಡಿಯೂ ತೂರದಷ್ಟು ಕಟ್ಟಿಕೊಂಡಿತ್ತು. 

"ಮಾಮಾ, ಇದನ್ನ ಹಾಕ್ಕೊಂಡು ಎಲ್ಲೀತನಕ ಹೋಗಿದ್ರಿ?"

"ಎಲ್ಲೀ ಇಲ್ಲೋ. ಅಂಗಳದಾಗ ದಿನಾ ಒಂದೀಟ ಚಾಲೂ ಮಾಡಿ ಬಂದ್ ಮಾಡ್ತಿದ್ನಿ." ಆಮೇಲೆ ಆಕಾಶ ನೋಡುತ್ತ ಹೇಳಿದರು, "ಪೈಪ್ ಸಿಗಲಿಲ್ಲಂದ್ರ ಬಿಡು. ಜೀಪಿನ್ಯಾಗ ಬರ್ತೀನಿ."

ಜೀಪು! ನಮ್ಮ ಮಾಮಾನ ಬಾಯಲ್ಲಿ! ಇದು ನನಗೆ ಹೊಡೆದ ಮಾತೆಂದೇ ತಿಳಿದೆ. ನಮ್ಮೂರು ಸಂಖದಲ್ಲಿ ನನ್ನ ಗ್ಯಾರೇಜಿದೆ. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದವನು ನಾನು. ಈ ಕೈ ಜೋಡಿಸಿದ ಇಂಜಿನ್ ಕೆಟ್ಟು ನನ್ನ ಬಾಗಿಲಿಗೆ ತಿರುಗಿ ಬಂದದ್ದಿಲ್ಲ. ಅಂಥವನಿಗೆ ಎರಡು ಗೇಣು ಪೈಪು ಸಿಗಲಿಲ್ಲವೆಂದರೆ ಬೀಗರ ಮುಂದೆ ಮುಖ ಎತ್ತುವುದು ಹೇಗೆ? ಗಾಡಿಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಸಂಖಕ್ಕೆ ತಂದೆ.

ಲಗ್ನಪತ್ರಿಕೆ ಹಂಚಲು ಹೋದ ಊರಲ್ಲೆಲ್ಲ ಪೈಪು ಕೇಳಿದೆ. ಕೆಲವು ಕಡೆ ಪೈಪು ಕೇಳಿ, ಪತ್ರಿಕೆ ಕೊಡುವುದನ್ನೇ ಮರೆತು ಬಂದೆ! ಜತ್ತದಲ್ಲಿ ಸಿಕ್ಕದ್ದು ಟ್ರ್ಯಾಕ್ಟರಿನ ಪೈಪು. ಆನೆಯ ಸೊಂಡಿಲು, ಬಗ್ಗಲೇ ಇಲ್ಲ. ಸಾಂಗಲಿಯ ಅಂಗಡಿಯವನು ನನ್ನ ಕೈಯಲ್ಲಿದ್ದ ಹಳೆಯ ತುಂಡು ನೋಡಿ, "ಮಾಲಕ, ಹೀ ಗಾಡಿ ಮ್ಯೂಝಿಯಮ್‌ಲಾ ದ್ಯಾ" ಅಂದ. ಮ್ಯೂಸಿಯಮ್ಮಿಗೆ ಕೊಡಬೇಕಂತೆ! ಮೊನ್ನೆ ಮೊನ್ನೆಯವರೆಗೂ ಹಿಂದೆ ಎರಡು ಹೊರೆ ಮೇವು ಕಟ್ಟಿಕೊಂಡು ಬರುತ್ತಿದ್ದ ಗಾಡಿ ಅದು. ಆದರೂ ಅವನು ಎರಡು ಬಗೆಯ ಪೈಪು ಕೊಟ್ಟ.

ತಂದದ್ದನ್ನೆಲ್ಲ ಮಾಮಾ ಪಾಸು ಮಾಡಬೇಕು. ಬೆಳಗಿನ ಬಸ್ಸಿಗೆ ಬಂದರು. ಗ್ಯಾರೇಜಿನ ಬಾಗಿಲಲ್ಲಿದ್ದ ನೀರಿನ ಡ್ರಮ್ಮಿಗೆ, "ಬಾಜೂ ಸರೀರಿ ಯಜಮಾನ್ರ, ದಾರಿ ಬಿಡ್ರಿ" ಎಂದು ಗದರಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಮಾನೂ ನಕ್ಕರು. ಆಮೇಲೆ ಮೊದಲ ಪೈಪನ್ನು ಮೂಸಿದರು, ಹಲ್ಲಿನಲ್ಲಿ ಕಚ್ಚಿದರು.

"ಭಾಳ ಬಿರಸ. ಬ್ಯಾಡ."

ಎರಡನೆಯದನ್ನು ಕಿವಿಯ ಹತ್ತಿರ ಹಿಡಿದು ಹಿಚುಕಿದರು.

"ಇದರ ಬಣ್ಣ ಬರೋಬರಿ ಇಲ್ಲ."

"ಯಾವ ಬಣ್ಣ ಬೇಕ್ರಿ ಮಾಮಾ?"

"ಹಿಂದಿಂದು ಇತ್ತಲ್ಲ, ಅದ."

ಹಿಂದಿನದೂ ಕರಿ, ಇದೂ ಕರಿ! ತಲೆ ಚಚ್ಚಿಕೊಳ್ಳಲು ನನ್ನ ಕೈಯಲ್ಲಿ ಪಾನಾ ಇತ್ತು. ಮದುವೆಯ ಹಂದರದ ಬೊಂಬು ಬಂದಿಳಿದಿದ್ದವು, ನಾನು ಮಾತ್ರ ಪೈಪಿನ ಕನವರಿಕೆಯಲ್ಲಿದ್ದೆ. ಹೆಂಡತಿ ಕೇಳಿದಳು, "ಮದವಿ ಮಗಳದೋ, ಗಾಡೀದೋ?"

ಕೊನೆಗೆ ವಿಜಯಪುರದಲ್ಲಿ ಹಳೆಯ ಲಾರಿಗಳ ಸಾಮಾನು ಮಾರುವ ಒಬ್ಬ ಚಾಚಾ ಸಿಕ್ಕರು. ಹೊರಗೆ ನೂಲಿನ ಹೆಣಿಗೆ ಇರುವ, ಬಿಸಿ ಎಣ್ಣೆಗೆಂದೇ ಮಾಡಿದ ಪೈಪನ್ನು ಅಟ್ಟದಿಂದ ಎಳೆದು ಕೊಟ್ಟರು. "ಬೀಗರಿಗಿಂತ ಗಟ್ಟಿ ಐತಿ, ತಗೊಂಡ್ ಹೋಗ್ರಿ." ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮಾಮಾ ಮೂಸಿದರು. ಕಚ್ಚಿದರು. ಬಗ್ಗಿಸಿದರು. ತಪ್ಪು ಹುಡುಕಿ ಹುಡುಕಿ ಸೋತರು. ತೊಡಿಸಿ, ಇಂಜಿನ್ ಚಾಲೂ ಮಾಡಿ, ಎಣ್ಣೆ ಡಬ್ಬದ ಮುಚ್ಚಳ ತೆಗೆದೆ. ಎಣ್ಣೆ ತಿರುಗಿ ಬಂದು ಚಿಳ್ ಚಿಳ್ ಎಂದು ಬೀಳುತ್ತಿರುವುದು ಕಾಣುತ್ತಿತ್ತು. ಮಾಮಾ ಬಗ್ಗಿ ನೋಡಲಿಲ್ಲ. ಬೆರಳು ಹಾಕಿದರು.

"ಬಂತು" ಅಂದರು. ಇಷ್ಟು ಸಪ್ಪಗೆ ಯಾರಾದರೂ ಗೆದ್ದ ಸುದ್ದಿ ಹೇಳುತ್ತಾರೆಯೇ?

ಹೊಡೆದುಕೊಂಡು ಹೋಗಿರೆಂದರೆ, "ಹೊಸಾ ಪೈಪ. ಮದವಿ ದಿನಾನ ಓಡ್ಲಿ" ಅಂದರು. ಗಾಡಿಯನ್ನು ಮತ್ತೆ ಪಿಕಪ್ಪಿನಲ್ಲೇ ಅಸಂಗಿಗೆ ಮುಟ್ಟಿಸಿದೆ. ವಿಚಿತ್ರ ಮನುಷ್ಯ, ಅಂದುಕೊಂಡೆ.

ಮದುವೆಯ ದಿನ ಬೆಳಿಗ್ಗೆ ಮಾಮಾನ ಹೆಂಡತಿ ಮತ್ತು ಮನೆಯವರೆಲ್ಲ ಜೀಪಿನಲ್ಲಿ ಬಂದಿಳಿದರು. ಮಾಮಾ ಮುಂಚೆಯೇ ಗಾಡಿ ಮೇಲೆ ಹೊರಟರಂತೆ. ದಾರಿಯಲ್ಲಿ ಮರದ ನೆರಳಲ್ಲಿ ನಿಂತಿದ್ದವರು, "ನೀವು ನಡೀರಿ, ಬಂದೆ" ಎಂದು ಕೈ ಬೀಸಿದರಂತೆ. ಬಂದೆ ಅಂದವರು ಬರಲಿಲ್ಲ. ಅಯ್ಯನವರು ಮುಹೂರ್ತ ಮುಹೂರ್ತ ಎನ್ನುತ್ತಿದ್ದರು. ಅವ್ವ ಹಳೆಯ ಸೀರೆಯಲ್ಲೇ ಹೊಸ್ತಿಲಲ್ಲಿ ಕೂತು ರಸ್ತೆಗೆ ಕಿವಿ ಕೊಟ್ಟಿದ್ದಳು. ಪೈಪಿನ ಕ್ಲಿಪ್ಪು ಸಡಿಲಾಯಿತೇ? ಇಂಜಿನ್ ಜಾಮ್ ಆಯಿತೇ? ಯಾವ ತಗ್ಗಿನಲ್ಲಿ ಬಿದ್ದಿದ್ದಾರೋ! ಹೆಣ್ಣಿನ ತಂದೆ ನಾನು, ತಲೆಗೆ ಸುತ್ತಿದ ಪಟಕಾ ಇದ್ದಂತೆಯೇ ಯಾರದೋ ಸ್ಕೂಟರ್ ಎತ್ತಿಕೊಂಡು ಅಸಂಗಿ ದಾರಿ ಹಿಡಿದೆ.

ಬೇವಿನ ಮರದ ಕೆಳಗೆ ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಇಂಜಿನ್ ಡಬ್‌ಡಬ್ ಎಂದು ಓಡುತ್ತಲೇ ಇತ್ತು. ಪಕ್ಕದಲ್ಲಿ ಮಾಮಾ, ತೊಡೆಯ ಮೇಲೆ ಆಯಾರದ ಗಂಟು. ನಾನು ಮೊದಲು ಪೈಪಿಗೇ ಕೈ ಹಾಕಿದೆ.

"ಸೋರೇತೇನ್ರಿ ಮಾಮಾ?"

"ಒಂದ್ ಹನಿ ಬಿದ್ದಿಲ್ಲ" ಅಂದರು. "ಬೀಳಬೇಕಿತ್ತು ನೋಡು."

ನನಗೆ ತಿಳಿಯಲಿಲ್ಲ.

"ಎದುರಿಗಿ ಕುರಿ ಹಿಂಡು ಬಂತು ಅಂತ ನಿಲ್ಲಿಸಿದ್ನಿ ಅಳಿಯಾ. ಹಂತೇಕ ಬಂದ ಮ್ಯಾಲ ನೋಡ್ತೀನಿ, ಸಾಲಿ ಹುಡುಗೂರು. ಬಿಳೀ ಅಂಗಿ ಹಾಕ್ಕೊಂಡಿದ್ವು." ಗಂಟನ್ನು ಎದೆಗೆ ಒತ್ತಿಕೊಂಡರು. "ದೀಪಾವಳಿಯಿಂದ ಹಿಂಗ. ಕಣ್ಣ ಮುಂದ ಹೊಗಿ ಹಿಡದಂಗ. ಪೈಪ್ ಸಿಗದಿದ್ರ ಜೀಪ್ ಹತ್ತಿ ಮರ್ಯಾದಿಲೆ ಬಂದು ಬಿಡ್ತಿದ್ನಿ. ನೀ ಕೇಳ್ಬೇಕಲ್ಲ!"

ನೀರಿನ ಡ್ರಮ್ಮು, ಕರಿ ಪೈಪಿನ ಬಣ್ಣ, ಎಣ್ಣೆಯಲ್ಲಿ ಅದ್ದಿದ ಬೆರಳು, ಎಲ್ಲ ಒಮ್ಮೆಲೇ ನನ್ನ ಕಣ್ಣಿಗೆ ಕಂಡವು. ಏನು ನಕ್ಕಿದ್ದೆವು ನಾವು!

"ಮದವಿ ಮುಗೀಲಿ, ಮಿರಜಿಗೆ ಕಣ್ಣಿನ ದವಾಖಾನಿಗಿ ಹೋಗೂಣ್ರಿ. ಪೊರಿ ತಗದ್ರ ಕಾಣ್ತೈತಿ."

"ಹೋಗೂಣು. ಈಗ ಅಕ್ಕಗ ಹೇಳಬ್ಯಾಡ. ಮದವಿ ಬಿಟ್ಟು ಅಳಾಕ ಕುಂಡ್ರತಾಳ."

ಸ್ಕೂಟರನ್ನು ಮರಕ್ಕೆ ಒಪ್ಪಿಸಿ ಗಾಡಿಯ ಮುಂದೆ ಕೂತೆ. ಮಾಮಾ ಒಂದು ಗಳಿಗೆ ನಿಂತರು. ಆಮೇಲೆ ನನ್ನ ಹೆಗಲು ಹಿಡಿದು ಹಿಂದೆ ಹತ್ತಿದರು. ದಾರಿಯುದ್ದಕ್ಕೂ, "ಗೇರ್ ಹಾಕು... ಹಿಂಗ ಹೊಡೀತಾರೇನು..." ಎಂದು ಬೈದರು. ಆ ಬೈಗುಳ ನನಗೆ ಮಂಗಳಾಷ್ಟಕದಷ್ಟು ಹಿತವಾಗಿತ್ತು.

ನಮ್ಮ ಮನೆಯ ತಿರುವಿಗೆ ಮುಂಚೆ ಗಾಡಿ ನಿಲ್ಲಿಸಿ ಇಳಿದೆ.

"ಯಾಕೋ?"

"ನೀವು ಮುಂದ ಬರ್ರಿ."

ಮಾಮಾ ಮುಂದೆ ಸರಿದು ಗಂಟನ್ನು ಟಾಕಿಯ ಮೇಲಿಟ್ಟುಕೊಂಡರು. ನಾನು ಹಿಂದೆ ಕೂತು ಅವರ ಎರಡೂ ಬಗಲಿನಿಂದ ತೋಳು ಚಾಚಿ, ಹ್ಯಾಂಡಲ್ಲಿನ ಮೇಲಿದ್ದ ಅವರ ಕೈಗಳ ಮೇಲೆ ನನ್ನ ಕೈ ಇಟ್ಟೆ. ನೋಡಿದವರು, ಅಳಿಯ ಹೆದರಿ ಮಾಮಾನನ್ನು ಅಪ್ಪಿಕೊಂಡಿದ್ದಾನೆ ಅನ್ನಬೇಕು. ನಡೆಯುವವನ ವೇಗದಲ್ಲಿ ಗಾಡಿ ತಿರುವು ದಾಟಿತು. "ಎಡಕ್ಕ, ಮಾಮಾ. ಸ್ವಲ್ಪ ಎಡಕ್ಕ. ಈಗ ಸೀದಾ."

ಹೊಸ್ತಿಲಿನಿಂದ ಅವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಬಂದಾ ನೋಡ್ರಿ ನಮ್ಮ ತಮ್ಮ! ಯಾಕೋ, ಇಷ್ಟ್ ಸಾವಕಾಶ?"

"ನಿನ್ನ ಮಗನ್ನ ಕೇಳಕ್ಕಾ" ಎಂದು ಮಾಮಾ ಗಟ್ಟಿಯಾಗಿ ಕೂಗಿದರು, ದನಿ ಬಂದ ಕಡೆಗೆ ಮುಖ ಮಾಡಿ. "ಹೊಸಾ ಪೈಪ, ಜೋರ ಹೊಡೀಬ್ಯಾಡ್ರಿ ಅಂತ ಹಿಂದ ಕುಂತು ಜೀವಾ ತಿಂದಾನ!"

ನನ್ನ ಅಂಗೈ ಕೆಳಗಿನ ಕೈ ಹೊರಳಿ, ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿತು.