ಕಾಟಾಕ್ಕೆ ನಾನು ಆರಿಸಿದ ಸಲಕರಣೆ

ಸಿಟ್ಟಿಗೇಳಲು ನನಗೆ ವಿಂಡೋಸ್ ಒಂದೇ ಸಾಕು. ಕಾಲೇಜಿನ ಕಾಲದಿಂದಲೂ ಲಿನಕ್ಸ್‌ನಲ್ಲೇ ಪ್ರೋಗ್ರಾಮ್ ಬರೆದವನು ನಾನು. ಅಲ್ಲಿ ಬೇಕಾದ ಸಲಕರಣೆಯನ್ನು ಒಂದು ಸಾಲು ಬರೆದು ಕರೆದರೆ ತನಗೆ ಬೇಕಾದ ಫೈಲುಗಳ ಬಳಗವನ್ನೆಲ್ಲ ಕರೆದುಕೊಂಡು ತಾನೇ ಬಂದು ಕೂಡುತ್ತದೆ. ವಿಂಡೋಸ್‌ನಲ್ಲಿ ಒಂದು ಸಲಕರಣೆ ಮೊಬೈಲಿನ ಡೇಟಾವನ್ನೆಲ್ಲ ನುಂಗಿ ಇನ್ನೂ ಬೇಕು ಎನ್ನುತ್ತದೆ. ಇನ್ನೊಂದು, ಖಾತೆ ತೆರೆಯದೆ ಒಳಗೇ ಬಿಡುವುದಿಲ್ಲ. ಸ್ವಂತ ಮನೆಯ ಒಲೆ ಹಚ್ಚಲು ಯಾರಾದರೂ ಗುರುತಿನ ಚೀಟಿ ತೋರಿಸುತ್ತಾರೆಯೇ? ಕೊನೆಗೆ ಲಿನಕ್ಸ್ ಜಾಡಿನವರೇ ವಿಂಡೋಸಿಗಾಗಿ ಮಾಡಿದ, ಬರೆದ ಸಾಲುಗಳನ್ನು ಓಡುವ ಪ್ರೋಗ್ರಾಮ್ ಆಗಿಸುವ ಪುಟ್ಟ ಕಂಪೈಲರೊಂದನ್ನು ಆರಿಸಿ, ಹೆಂಡತಿಯ ಮುಂದೆ ಮೀಸೆ ತಿರುವಿದೆ. ಇಷ್ಟು ಹೊತ್ತು ಜೋಳ ಹಸನು ಮಾಡಲು ಕೂತಿದ್ದರೆ ಒಂದು ಚೀಲ ಮುಗಿಯುತ್ತಿತ್ತು ಎಂದಳು ಅವಳು.

ಇದೆಲ್ಲ ಅಫಜಲಪುರದ ಹೊರಗಿರುವ ಶರಣಪ್ಪ ಸಾಹುಕಾರರ ಕಾಟಾಕ್ಕಾಗಿ. ಕಾಟಾ ಎಂದರೆ ಕಬ್ಬು ಹೇರಿದ ಟ್ರ್ಯಾಕ್ಟರ್ ಇಡಿಯಾಗಿ ಹತ್ತಿ ನಿಲ್ಲುವ ತೂಕದ ಕಟ್ಟೆ. ಅದರ ತೂಕವನ್ನು ಕಂಪ್ಯೂಟರಿನಲ್ಲಿ ತೋರಿಸುವ ಹಳೆಯ ಪ್ರೋಗ್ರಾಮನ್ನು ದೊಡ್ಡ ಹುಮ್ಮಸ್ಸಿನಲ್ಲಿ ಅಳಿಸಿ, ಆ ಕಂಪೈಲರಿನಿಂದ ಮಾಡಿಕೊಂಡು ಬಂದಿದ್ದ ನನ್ನದನ್ನು ಹಾಕಿ ಒತ್ತಿದೆ. ಯಾವುದೋ ಫೈಲು ಸಿಗುತ್ತಿಲ್ಲ ಎಂದಿತು. ವಿಂಡೋಸನ್ನು ಬಯ್ದು ಮತ್ತೆ ಒತ್ತಿದೆ. ಮತ್ತೆ ಅದೇ ಮಾತು.

ಅಷ್ಟರಲ್ಲಿ ಕಾಟಾದ ಮೇಲೊಂದು ಟ್ರ್ಯಾಕ್ಟರ್, ಅದರ ಹಿಂದೆ ಏರಿನ ಮೇಲೆ ಇನ್ನೊಂದು, ಹೀಗೆ ಸಾಲು ರಸ್ತೆ ಮುಟ್ಟಿತು. ಬಿಸಿಲಿಗೆ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ ಎಂದು ಜನ ಗೊಣಗತೊಡಗಿದರು. ಏರಿನ ಮೇಲೆ ಗಾಡಿ ನಿಲ್ಲಿಸಿದ್ದ ಡ್ರೈವರ್ ಮಲ್ಲಪ್ಪ ಇಳಿದು ನಾನಿದ್ದ ಕಾಟಾದ ಕೋಣೆಯ ಕಿಟಕಿಗೆ ಬಂದ.

"ಏನ್ರಿ ಇಂಜಿನಿಯರ್ ಸಾಹೇಬ್ರ, ಕಬ್ಬು ಒಣಗಿ ಕಟ್ಟಿಗಿ ಆದ ಮ್ಯಾಲೆ ತೂಕ ಮಾಡ್ತೀರೇನು?"

ತಲೆ ಎತ್ತಿದೆ. ಅವನ ಭುಜದಾಚೆ ಅವನ ಗಾಡಿ ಸದ್ದಿಲ್ಲದೆ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೂ ಹಿಂದಿನ ಟ್ರ್ಯಾಕ್ಟರಿಗೂ ನಡುವೆ ಸಾಹುಕಾರರು, ಇತ್ತ ಬೆನ್ನು ಮಾಡಿ, ಸಾಲಿನವರನ್ನು ಸಮಾಧಾನಪಡಿಸುತ್ತಿದ್ದರು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವರ ತೋಳು ಹಿಡಿದು ಎಳೆದರು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಆ ಸದ್ದು ಊಟಕ್ಕೆ ಕೂತರೆ ಈಗಲೂ ಕೇಳುತ್ತದೆ. ಸಾಹುಕಾರರ ಒಂದು ಚಪ್ಪಲಿ ಮಾತ್ರ ಚಕ್ರದಡಿ ಸಿಕ್ಕಿತ್ತು.

ಬಾಯಲ್ಲೇ ಉಳಿದ ಕೂಗು ಆಗ ಬಂತು. ಬಂದದ್ದೆಲ್ಲ ಮಲ್ಲಪ್ಪನ ಮೇಲೆ. ಬರೀ ಬ್ರೇಕು ನಂಬಿ ಇಳಿಯುವುದೇ, ಚಕ್ರದ ಹಿಂದೆ ಇಡಲು ಒಂದು ಕಲ್ಲನ್ನಾದರೂ ಜೊತೆಗೆ ತರಬಾರದೇ ಎಂದು ಬಯ್ದೆ. ಅವನು ಏರಿನತ್ತ ಕೈ ತೋರಿಸಿದ.

"ಭೂಸನೂರ ಕಡೆ ಕಾಟಾದ ಏರಿಗೆ ಯಾವಾಗ್ಲೂ ಕಲ್ಲು ಬಿದ್ದಿರ್ತದ್ರಿ. ಇಲ್ಲೂ ಇರ್ತದಂತ ತಿಳ್ಕೊಂಡಿದ್ದೆ."

ತಿಳಿದುಕೊಂಡರೆ ಆಯಿತೇ, ಓದು ಬರಹ ಬಾರದವನಂತೆ ಮಾತಾಡುತ್ತೀಯಲ್ಲ ಎಂದು ಇನ್ನಷ್ಟು ರೇಗಿದೆ.

ಸಾಹುಕಾರರು ಒಂಟಿ ಚಪ್ಪಲಿಯಲ್ಲೇ ಒಳಗೆ ಬಂದು, ಒಂದು ತಂಬಿಗೆ ನೀರು ಕುಡಿದು, ಪರದೆಯನ್ನು ದಿಟ್ಟಿಸಿದರು.

"ಅವಂದು ಇರ್ಲಿ. ಇದು ಕೇಳಾಕತ್ತಿದ್ ಫೈಲ್ ನೀವ್ಯಾಕ ತಂದಿಲ್ರಿ?"

ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲರಿನ ಜೊತೆ ಹಾಯಾಗಿತ್ತು. ನಾನು ಪ್ರೋಗ್ರಾಮನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದೆ. ಲಿನಕ್ಸ್‌ನಲ್ಲಿ ಅಂಥ ಫೈಲು ಯಾವಾಗಲೂ ಇದ್ದೇ ಇರುತ್ತದೆ. ಬಾಗಿಲಲ್ಲಿ ಮಲ್ಲಪ್ಪ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದ. ನನ್ನ ಹತ್ತಿರವಿದ್ದ ಒಂದೇ ಒಂದು ಉತ್ತರವನ್ನು ಅವನು ಆಗಲೇ ಹೇಳಿ, ಬೈಸಿಕೊಂಡೂ ಆಗಿತ್ತು.