ಕೊಟ್ರಬಸಪ್ಪನ ಡಬ್ಬಿಯ ಕೀಲಿಮಾತು

"ನೋಡ್ರಿ ಮೇಡಂ, ಇಡೀ ವೆಬ್‌ಸೈಟ್ ಈ ಡಬ್ಬಿಯೊಳಗ ಐತಿ! ಮನಿಯಾಗ ಓಡಿಸಿ ಪರೀಕ್ಷಾ ಮಾಡೀನಿ. ಇನ್ನ ಲೋಕಕ್ಕ ಬಿಡೋದೊಂದ ಬಾಕಿ!"

ಕೊಟ್ರಬಸಪ್ಪ ಹಳೇ ಜೋಳದ ಡಬ್ಬಿಯನ್ನು ತಟ್ಟಿದ. ಒಳಗೆ ಯಂತ್ರ ಗುರ್ ಎಂದಿತು. ಹೆಂಡತಿ ನೀಲಗಂಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಗಂಡನ ಹಿಂದಿನ ಯಂತ್ರ ರೊಟ್ಟಿ ಬಡಿಯುವ ಬದಲು ಗೋಡೆ ಬಡಿದಿತ್ತು! ಇವತ್ತು ಮಾತ್ರ ಹಾಗಾಗಕೂಡದು. ಗದಗಿನ ಅವಳ ಖಾನಾವಳಿಗೆ ಹಾಸ್ಟೆಲ್ ವಾರ್ಡನ್ ಪದ್ಮಾಕ್ಷಿ ಮೇಡಂ ತಾವಾಗಿ ಬಂದಿದ್ದರು. ಹುಡುಗಿಯರಿಗೆ ದಿನಾ ರೊಟ್ಟಿ ಬೇಕು, ಆರ್ಡರ್ ವೆಬ್‌ಸೈಟಿನಲ್ಲೇ ಆಗಬೇಕು. ಆಗದಿದ್ದರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಇವಳ ಖಾನಾವಳಿ ಮುಚ್ಚುತ್ತದೆ.

ಮೇಡಂ ಫೋನಿನಲ್ಲಿ ಆರ್ಡರ್ ಒತ್ತಿದರು.

"ಮಾಲಕಿ ಕೀಲಿಮಾತು ಹೇಳಬೇಕು," ಎಂದಿತು ಡಬ್ಬಿ.

"ಏನ್ರೀ ಅದು ಕೀಲಿಮಾತು?" ನೀಲಗಂಗವ್ವ ಗಂಡನ ಕಡೆ ತಿರುಗಿದಳು.

"ನನ್ನ ಹೆಸರು! ನಿನ್ನ ದನಿಯಾಗ!" ಕೊಟ್ರಬಸಪ್ಪ ಮೀಸೆ ತಿರುವಿದ. "ಮದುವಿ ಆದಾಗಿಂದ ನೀ ಒಮ್ಮಿನೂ ಹೇಳಿಲ್ಲ. ಯಾವ ಕಳ್ಳ ಕದೀತಾನ?"

"ಅಯ್ಯ ಶಿವನ! ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತೈತಂತ ನಮ್ಮವ್ವ ಹೇಳ್ಯಾಳ! ಪರೀಕ್ಷಾ ಮಾಡೀನಿ ಅಂದ್ರಲ್ರೀ?"

"ಬೀಗ ತಗದಿಟ್ಟು ಮಾಡಿದ್ದೆ…"

ನೀಲಗಂಗವ್ವ ತಲೆಯ ಮೇಲೆ ಕೈ ಹೊತ್ತಳು. "ಇವ್ರು," ಎಂದಳು. ಡಬ್ಬಿ "ತಪ್ಪು" ಎಂದು ಫ್ಯಾನ್ ನಿಲ್ಲಿಸಿತು. "ನಮ್ಮ ಮನಿಯವ್ರು!" ದೀಪ ಆರಿತು. ಸುರಕ್ಷತೆಗೆಂದು ಖಾನಾವಳಿಯ ತಂತಿಯನ್ನೆಲ್ಲ ಡಬ್ಬಿಗೇ ಜೋಡಿಸಿಟ್ಟಿದ್ದ, ಪುಣ್ಯಾತ್ಮ!

ಕಡೆಗೆ ಅವಳಿಗೆ ಒಡಪು ನೆನಪಾಯಿತು. ಒಡಪಿನ ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಿದರೆ ಗಂಡನ ಹೆಸರಿಗೆ ದೋಷವಿಲ್ಲ. ಸೆರಗು ಹೊದ್ದು ಹೇಳಿದಳು:

"ಹಂಚಿನ ಮ್ಯಾಲ ರೊಟ್ಟಿ, ಕೈಯಾಗ ಹಿಟ್ಟಿನ ಬುಟ್ಟಿ, ಕೊಟ್ರಬಸಪ್ಪನವ್ರ ಹೆಂಡ್ತಿ ನಾ ಭಾಳ ಗಟ್ಟಿ!"

"ಹೆಸರಿನ ಜೊತೆ ಬೇರೆ ಮಾತು ನುಸುಳಿದೆ. ಇದು ದಾಳಿ!" ಡಬ್ಬಿ ಕಿರುಚಿ ಧಡಾರನೆ ಶಟರ್ ಎಳೆಯಿತು. ಮೂವರೂ ಒಳಗೆ!

"ನನಗ ಎದುರಿನ ಅಂಗಡೀನ ಛಲೋ," ಎಂದರು ಮೇಡಂ, ಕತ್ತಲಲ್ಲಿ.

ನೀಲಗಂಗವ್ವ ಡಬ್ಬಿಯ ಮುಂದೆ ಬಂದು ನಿಂತಳು. ಇಷ್ಟು ವರ್ಷದ ಖಾನಾವಳಿ!

"ಕೊಟ್ರಬಸಪ್ಪಾ!"

ಶಟರ್ ಮೇಲೆ ಹೋಯಿತು. ಆರ್ಡರ್ ಆಯಿತು. ಓಣಿಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರು. ನೀಲಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಹೋಗ್ಲಿ, ಒಮ್ಮಿಗೆ ಮುಗೀತಲ್ಲ."

"ದನಿ ಗುರುತಾಯಿತು," ಎಂದಿತು ಡಬ್ಬಿ. "ಇನ್ನು ಪ್ರತಿ ಆರ್ಡರಿಗೂ ಇಷ್ಟೇ ಜೋರಾಗಿ ಹೇಳಬೇಕು."

ಈಗ ಊಟದ ಹೊತ್ತಿಗೆ ಓಣಿ ತುಂಬ ಆ ಹೆಸರೇ. ವ್ಯಾಪಾರ ಭರ್ಜರಿಯಾಗಿದೆ, ಅದೇ ಅವಳ ಸಂಕಟ!

"ದಿನಾ ಎಷ್ಟು ಆಯುಷ್ಯ ಕಳಿಯಾಕತ್ತೀನೋ ನಿಮ್ದು," ಎಂದು ಅವಳು ಕಣ್ಣೊರೆಸಿಕೊಂಡರೆ, ಕೊಟ್ರಬಸಪ್ಪ ರೊಟ್ಟಿ ಮುರಿಯುತ್ತ ಹೇಳುತ್ತಾನೆ: "ನಾ ಇನ್ನೂ ಅದೀನಲ್ಲ? ಅದೂ ಪರೀಕ್ಷಾ ಆದಂಗಾತು."